ಹತ್ತು ಮಿಲಿಮೀಟರಿನ ರಾಂಜಣಗಾಂವ

ಅಪ್ಪನೂ ಸೇರಿ ನಾವು ಐದು ಮಂದಿ ಒಟ್ಟಿಗಿರುವ ಫೋಟೊ ನಮ್ಮ ಮನೆಯಲ್ಲಿ ಒಂದೇ ಇದೆ. ವಿಜಯಪುರದ ಗೋಲಗುಮ್ಮಟದ ಮುಂದೆ ತೆಗೆಸಿದ್ದು. "ಗುಮ್ಮಟ ಪೂರಾ ಬರಬೇಕು ನೋಡ್ರಿ" ಎಂದು ಅಪ್ಪ ಫೋಟೊದವನಿಗೆ ತಾಕೀತು ಮಾಡಿದ್ದ. ಅವನು ಹಿಂದೆ ಹಿಂದೆ ಸರಿದು ಗುಮ್ಮಟವನ್ನು ಪೂರಾ ಹಿಡಿದ. ನಾವು ಐದು ಜೋಳದ ಕಾಳಿನಷ್ಟು ಬಂದಿದ್ದೇವೆ. ಅಪ್ಪ ಯಾರು ಎಂದು ಗೊತ್ತಾಗಬೇಕಾದರೆ ಬಿಳಿ ಟೋಪಿ ಹುಡುಕಬೇಕು.

ಇದನ್ನು ಮೊದಲೇ ಹೇಳಿದ್ದೇಕೆಂದರೆ, ಹೋದ ತಿಂಗಳು ನಾನೂ ಅದೇ ತಪ್ಪಿಗೆ ದುಡ್ಡು ಸುರಿಯಲು ಹೊರಟಿದ್ದೆ.

ರಾಂಜಣಗಾಂವದ ಎಂಐಡಿಸಿಗೆ ಬಂದು ನಾಲ್ಕು ವರ್ಷವಾಯಿತು. ಪುಣೆಯಿಂದ ಅಹಿಲ್ಯಾನಗರದ ಕಡೆ ಐವತ್ತು ಕಿಲೋಮೀಟರು ಬಂದರೆ ನಮ್ಮೂರು. ಹೊರಗಿನವರಿಗೆ ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿಯ ಊರು. ನಮ್ಮಂಥವರಿಗೆ ಫಿಯೆಟ್, ಎಲ್‌ಜಿ, ವರ್ಲ್‌ಪೂಲ್ ಬೋರ್ಡುಗಳ, ಶಿಫ್ಟ್ ಬಸ್ಸುಗಳ ಊರು. ಮಂಡಿನೋವಿನ ಅವ್ವ ಬಸ್ಸಿನಲ್ಲಿ ಅಷ್ಟು ದೂರ ಕೂರಲಾರಳು. ಫೋನು ಮಾಡಿದಾಗೆಲ್ಲ ಒಂದೇ ಮಾತು: "ನೀ ಇರೋ ಊರ ಒಮ್ಮೆ ಪೂರಾ ತೋರಸೋ ತಮ್ಮಾ."

ಪೂರಾ ತೋರಿಸಬೇಕೆಂದರೆ ಅಗಲ ಲೆನ್ಸು ಬೇಕು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ನನ್ನಲ್ಲಿರುವುದು ಕ್ಯಾನನ್ ಆರ್50, ಅದರ ಜೊತೆಗೇ ಬಂದ 18-45 ಲೆನ್ಸು. ದೀಪಾವಳಿ ಬೋನಸ್ಸಿನ ದುಡ್ಡು ಇನ್ನೂ ಹಾಗೇ ಇತ್ತು; ಕಣ್ಣು ಆರ್‌ಎಫ್-ಎಸ್ 10-18 ಜೂಮಿನ ಮೇಲಿತ್ತು. ನಮ್ಮ ಲೈನಿನಲ್ಲೇ ಇರುವ ನಿಪ್ಪಾಣಿಯ ಹಿರಿಯರೊಬ್ಬರು ಅದನ್ನು ಕೊಂಡಿದ್ದರು. "ಒಂದ ಐತವಾರ ಒಯ್ದು ನೋಡು, ಆಮ್ಯಾಲ ರೊಕ್ಕ ಹಾಕು" ಎಂದು ಕೈಗಿಟ್ಟರು.

ಕೈಗೆ ಬಂದಾಗ ಮೊದಲು ಅಚ್ಚರಿಯಾದದ್ದು ತೂಕ. ಬರೀ 150 ಗ್ರಾಂ, ಒಂದು ಪೇರಲ ಹಣ್ಣಿನಷ್ಟು. 2014ರಲ್ಲಿ ಬಂದ ಹಳೆಯ ಇಎಫ್-ಎಸ್ 10-18 ಲೆನ್ಸು 240 ಗ್ರಾಂ ಇತ್ತು, ಈ ಕ್ಯಾಮೆರಾಕ್ಕೆ ಹಾಕಲು ಅದಕ್ಕೆ ಅಡಾಪ್ಟರ್ ಬೇರೆ ಬೇಕು. ಫಿಲ್ಟರಿನ ಅಳತೆ ನನ್ನ ಕಿಟ್ ಲೆನ್ಸಿನದ್ದೇ, 49 ಮಿಲಿಮೀಟರು. ಅಷ್ಟು ಖರ್ಚು ಉಳಿಯಿತು. 18ರಿಂದ 10ಕ್ಕೆ ಇಳಿದರೆ ಎಂಟೇ ಮಿಲಿಮೀಟರು, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಚಿತ್ರದ ಮೂಲೆಯಿಂದ ಮೂಲೆಗೆ ಕಾಣುವ ಕೋನ ಸುಮಾರು 73 ಡಿಗ್ರಿಯಿಂದ 107ಕ್ಕೆ ಏರುತ್ತದೆ.

ಬೆಳಿಗ್ಗೆ ಆರೂವರೆಗೆ ಹೆಂಡತಿ, ಮಗನ ಜೊತೆ ಗುಡಿಗೆ ಹೋದೆ. ತ್ರಿಪುರಾಸುರನನ್ನು ಕೊಲ್ಲುವ ಮೊದಲು ಶಿವನೇ ಇಲ್ಲಿ ಮಗನನ್ನು ಪೂಜಿಸಿದನೆಂದು ಕಥೆ. ಗುಡಿ ಪೂರ್ವಕ್ಕೆ ಮುಖಮಾಡಿದೆ. ದಕ್ಷಿಣಾಯನದ ಹೊತ್ತಿಗೆ ಸೂರ್ಯನ ಕಿರಣ ನೇರ ಮೂರ್ತಿಯ ಮೇಲೆ ಬೀಳುವ ಹಾಗೆ ಕಟ್ಟಿದ್ದಾರೆ ಎನ್ನುತ್ತಾರೆ. ಒಳಗೆ ಕ್ಯಾಮೆರಾ ಚೀಲ ಸೇರಿತು. ಪದ್ಮಾಸನ, ಅಗಲವಾದ ಹಣೆ, ಎರಡೂ ಬದಿಗೆ ಸಿದ್ಧಿ ಬುದ್ಧಿ. ಕಣ್ಣಿಗೆ ಸಿಕ್ಕಷ್ಟೇ ಭಾಗ್ಯ.

ಹೊರಗೆ ಬಂದು ಹತ್ತಕ್ಕೆ ತಿರುಗಿಸಿದೆ. ಶಿಖರ, ಅಂಗಳ, ಹೂವಿನಂಗಡಿ, ಚಪ್ಪಲಿ ರಾಶಿ, ಆಕಾಶ, ಎಲ್ಲವೂ ಬಂತು. ಶಿಖರಕ್ಕೆಂದು ಕ್ಯಾಮೆರಾ ಮೇಲೆತ್ತಿದರೆ ಗೋಡೆಗಳು ಹಿಂದಕ್ಕೆ ಬೀಳುವಂತೆ ವಾಲುತ್ತವೆ. ಮಟ್ಟವಾಗಿ ಹಿಡಿದರೆ ಅರ್ಧ ಚಿತ್ರ ನೆಲದ ಹಾಸುಗಲ್ಲು. ಅಂಚಿಗೆ ನಿಂತ ಮಗನ ತಲೆ ಕುಂಬಳಕಾಯಿಯಂತೆ ಅಡ್ಡಕ್ಕೆ ಹಿಗ್ಗಿ, ಗಣಪತಿಗಿಂತ ಅಗಲ ಹಣೆ ಬಂದುಬಿಟ್ಟಿತ್ತು! ಇದ್ದುದರಲ್ಲಿ ಒಳ್ಳೆಯದೊಂದನ್ನು ಅವ್ವನಿಗೆ ಕಳಿಸಿದೆ. ಐದು ನಿಮಿಷಕ್ಕೆ ಫೋನು.

"ಗುಡಿ ಯಾಕ ಅಷ್ಟ ದೂರ ಐತಿ? ನೀವು ಒಳಗ ಹೋಗಲಿಲ್ಲೇನು?"

ಗುಡಿಯಿಂದ ನಾನು ಐವತ್ತು ಹೆಜ್ಜೆಯೂ ದೂರ ಇರಲಿಲ್ಲ.

ತಿಂಡಿ ಮುಗಿಸಿ ಬೈಕಿನಲ್ಲಿ ನಿಘೋಜಕ್ಕೆ ಹೊರಟೆವು. ಶಿರೂರಿನ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ಹೋದರೆ ಕುಕಡಿ ನದಿ. ಪ್ರವಾಹದಲ್ಲಿ ಸಿಕ್ಕ ಉರುಟು ಕಲ್ಲುಗಳು ಸುಳಿಯ ಜೊತೆ ಗಿರಿಗಿರಿ ತಿರುಗಿ ಬಂಡೆಯನ್ನೇ ಕಡೆದು ಕುಳಿ ಮಾಡಿವೆ. ಮರಾಠಿಯಲ್ಲಿ ರಾಂಜಣಖಳಗೆ ಎನ್ನುತ್ತಾರೆ. ರಾಂಜಣ ಎಂದರೆ ನೀರು ತುಂಬುವ ದೊಡ್ಡ ಮಣ್ಣಿನ ಗಡಿಗೆ, ನಮ್ಮ ಕಡೆಯ ರಂಜಣಿಗೆ. ಬಂಡೆ ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಆದದ್ದು. ಅದೇ ಕರಿಕಲ್ಲಿನ ಹಾಸು ವಿಜಯಪುರದವರೆಗೂ ಹಬ್ಬಿದೆ.

ಇಲ್ಲಿಯೂ ಮೊದಲು ದೂರ ನಿಂತು ತೆಗೆದೆ. ಕಪ್ಪು ನೆಲದಲ್ಲಿ ಇಲಿ ಬಿಲದಂತೆ ಕಂಡವು, ಅಷ್ಟೆ. ಬೇಸತ್ತು ಒಂದು ಕುಳಿಯ ಬಾಯಿಯ ಬಳಿ ಅಂಗಾತ ಮಲಗಿದ ಮಗನ ಪಕ್ಕ ನಾನೂ ಮಂಡಿಯೂರಿದೆ. ಹೆಂಡತಿ ಅವನ ಇನ್ನೊಂದು ರಟ್ಟೆ ಗಟ್ಟಿಯಾಗಿ ಹಿಡಿದಿದ್ದಳು, ಕುಳಿಗಳು ಆಳ, ಅಂಚು ನುಣುಪು. ಅವನು ಒಂದು ಉರುಟು ಕಲ್ಲನ್ನು ನನ್ನ ಮುಖಕ್ಕೇ ಹಿಡಿದ. ಈ ಲೆನ್ಸು ಸೆನ್ಸರಿನಿಂದ 14 ಸೆಂಟಿಮೀಟರು ದೂರದಲ್ಲೂ ಫೋಕಸ್ ಆಗುತ್ತದೆ. ಒತ್ತಿದೆ. ಮುಂದೆ ಅಂಗೈ ತುಂಬ ಕಲ್ಲು, ಹಿಂದೆ ಅವನ ನಗು, ಅವಳ ಕೈ, ಅದರ ಹಿಂದೆ ಒಂದರ ಪಕ್ಕ ಒಂದು ಕುಳಿ, ತೆಳ್ಳಗಿನ ನದಿ.

ಆಗ ತಿಳಿಯಿತು. ಅಗಲ ಲೆನ್ಸು ಎಲ್ಲವನ್ನೂ ತುಂಬಿಕೊಳ್ಳುವ ಚೀಲವಲ್ಲ. ಹತ್ತಿರದ್ದನ್ನು ದೊಡ್ಡದಾಗಿ ಇಟ್ಟುಕೊಂಡೂ ಹಿಂದಿನ ಊರನ್ನು ಬಿಟ್ಟುಕೊಡದೆ ಇರಲಿಕ್ಕೆ ಅದು ಬೇಕು. ಅದಕ್ಕೆ ಹಿಂದೆ ಸರಿಯಬಾರದು, ಮುಂದೆ ಹೋಗಬೇಕು.

ಕುಂದುಗಳೂ ಇವೆ. ಬಾಗಿದ ಗೆರೆಗಳನ್ನು ಕ್ಯಾಮೆರಾ ತನ್ನೊಳಗೇ ನೇರ ಮಾಡಿ ಕೊಡುತ್ತದೆ, ಆ ಎಳೆದಾಟದಲ್ಲಿ ಮೂಲೆಗಳು ಸ್ವಲ್ಪ ಮಸುಕು. ಬೆಳಕು ಕಡಿಮೆ: ಹತ್ತರಲ್ಲಿ ಎಫ್ 4.5, ಹದಿನೆಂಟರಲ್ಲಿ 6.3. ಎಫ್ 2.8ರ ಲೆನ್ಸು 6.3ಕ್ಕಿಂತ ಐದು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಸಂಜೆ ಕಾರೇಗಾಂವದ ನಮ್ಮ ಒಂದೇ ಕೋಣೆಯಲ್ಲಿ ಟ್ಯೂಬಲೈಟಿನಲ್ಲಿ ತೆಗೆದು ನೋಡಿದೆ. ಆರ್50ರ ಒಳಗೆ ಅಲುಗಾಟ ತಡೆಯುವ ವ್ಯವಸ್ಥೆ ಇಲ್ಲ, ಲೆನ್ಸಿನಲ್ಲಿದೆ. ನನ್ನ ಕೈ ನಡುಗಿದರೂ ಗೋಡೆ, ಒಲೆ, ಕಪಾಟು ಸ್ಪಷ್ಟ ಬಂದವು. ಓಡುವ ಮಗ ಮಾತ್ರ ಹೊಗೆಯಂತೆ. ಆದರೆ ಕಿಟ್ ಲೆನ್ಸಿಗೆ ಎಂದೂ ಸಿಗದ ಆ ಕೋಣೆ, ಬಾಗಿಲಿಗೆ ಬೆನ್ನು ಹಚ್ಚಿ ನಿಂತರೆ, ಪೂರಾ ಸಿಕ್ಕಿತು.

ಕಲ್ಲಿನ ಫೋಟೊ ನೋಡಿ ಅವ್ವ ರಾತ್ರಿ ಮತ್ತೆ ಮಾಡಿದಳು. ಗುಡಿಯ ಸುದ್ದಿ ಎತ್ತಲೇ ಇಲ್ಲ.

"ಥೇಟ್ ರಂಜಣಿಗಿ ಬಾಯಿ ಇದ್ದಂಗ ಅದಾವಲ್ಲೋ. ಕಲ್ಲೂ ನಮ್ಮೂರಿಂದs. ಹುಡುಗ ದಪ್ಪ ಆಗ್ಯಾನ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಯಾವಾಗ ನೋಡ್ಲಿ?" ಎಂದಳು.

ಸೋಮವಾರ ಲೆನ್ಸು ವಾಪಸು ಕೊಟ್ಟೆ. "ಹ್ಯಾಂಗ? ತಗೋತಿ?" ಎಂದರು ನಿಪ್ಪಾಣಿಯವರು. ಲೆನ್ಸು ಒಳ್ಳೆಯದು, ಕೊಳ್ಳುವವರು ಕೊಳ್ಳಬಹುದು ಅಂದೆ. ನನ್ನ ಬೋನಸ್ಸಿನ ದುಡ್ಡಿನಲ್ಲಿ ಯುಗಾದಿಗೆ ವಿಜಯಪುರದಿಂದ ಒಂದು ಕಾರು ಮಾಡಿಸಿ ಅವ್ವನನ್ನು ಕರೆತರುವುದೆಂದು ರಾತ್ರಿಯೇ ಹೆಂಡತಿಯ ಜೊತೆ ಮಾತಾಗಿತ್ತು. ಆ ಒಂದು ದಿನದ ಮಟ್ಟಿಗೆ ಲೆನ್ಸು ಮತ್ತೆ ಕೊಡ್ರಿ ಎಂದು ಕೇಳಿದೆ. "ಒಯ್ಯಿ" ಎಂದರು. ಫೋಟೊ ತೆಗೆಯುವುದು ನಮ್ಮ ಕೋಣೆಯಲ್ಲೇ, ಹಗಲು ಹತ್ತರ ಬೆಳಕಿನಲ್ಲಿ, ಬಾಗಿಲು ತೆರೆದಿಟ್ಟು. ಅವ್ವನನ್ನು ಅಂಚಿಗಲ್ಲ, ನಟ್ಟನಡುವೆ ಕೂರಿಸಬೇಕು.