ಬಿಟ್ಟುಹೋದ ಸಾಲು

ಕಳೆದ ಹಿಂಗಾರಿಯಲ್ಲಿ ಒಂದು ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮಗಳು ಕುಂದಗೋಳದ ನಮ್ಮ ಮನೆಗೆ ಬಂದಳು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿರುವ ಹುಡುಗಿ. ಕೈಯಲ್ಲಿ ಪ್ರಬಂಧದ ಪ್ರಶ್ನಾವಳಿ ಇತ್ತು. "ಯಾವುದರ ಮ್ಯಾಲೆ ಬರೀಲಿಕ್ಕತ್ತೀ ತಂಗಿ?" ಎಂದು ಕೇಳಿದೆ. "ಸುಸ್ಥಿರ ಆಹಾರ ವ್ಯವಸ್ಥೆ ಅಂತ್ರಿ ಅಜ್ಜಾರ" ಎಂದಳು.

ಮಾತು ನನಗೆ ಹೊಸದು. ಅವಳೇ ಬಿಡಿಸಿ ಹೇಳಿದಳು. ಬೀಜ, ಮಣ್ಣು, ನೀರು, ಗೊಬ್ಬರ, ದುಡಿಮೆ, ಪೇಟೆ, ಅಡುಗೆಮನೆ, ಉಣ್ಣುವವನ ಆರೋಗ್ಯ, ಕೊನೆಗೆ ಚೆಲ್ಲಿದ ಅನ್ನ, ಇವನ್ನೆಲ್ಲ ಒಂದೇ ಸರಪಣಿಯಾಗಿ ನೋಡುವ ಅಧ್ಯಯನವಿದು. ಇದರ ಜೊತೆಗೇ ಬೆಳೆದ ಇನ್ನೊಂದು ಶಾಖೆ ಭೂಗ್ರಹದ ಆರೋಗ್ಯ. 2015ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ತನ್ನ ವರದಿ ಕೊಟ್ಟ ಮೇಲೆ ಆ ಹೆಸರು ನೆಲೆಗೊಂಡಿತಂತೆ. ನೆಲ, ನೀರು, ಗಾಳಿ ಕೆಟ್ಟರೆ ಮನುಷ್ಯನ ಆರೋಗ್ಯವೂ ಉಳಿಯದು ಎಂಬುದೇ ಅದರ ಸಾರ. ಮನುಷ್ಯರ ಕೆಲಸಗಳಿಂದ ಹೊರಡುವ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೆಯ ಒಂದು ಪಾಲು, ಆಹಾರವನ್ನು ಬೆಳೆದು ತಟ್ಟೆಗೆ ಮುಟ್ಟಿಸುವ ಕೆಲಸಗಳಿಂದಲೇ ಬರುತ್ತದೆ ಎಂದು ಕೇಳಿ ನಾನು ಬೆರಗಾದೆ.

ಆಮೇಲೆ ಅವಳು ಪ್ರಶ್ನೆಗೆ ಬಂದಳು. "ಅಜ್ಜಾರ, ನಿಮ್ಮ ಹೊಲದಾಗ ಅಕ್ಕಡಿ ಹಾಕೂದು ಯಾವಾಗ ನಿಂತತ್ರಿ?"

ಉಳಿದ ಹಿರಿಯರು "ನೆನಪಿಲ್ಲ" ಎಂದರಂತೆ. ನನಗೆ ಇಸವಿ ಸಹಿತ ನೆನಪಿತ್ತು. 1976. ನಿಲ್ಲಿಸಿದವನು ನಾನೇ.

ಈಗಿನ ಮಕ್ಕಳಿಗೆ ಅಕ್ಕಡಿ ಎಂದರೆ ತಿಳಿಯದು. ಮುಖ್ಯ ಬೆಳೆಯ ಕೆಲವು ಸಾಲುಗಳ ನಡುವೆ ಬೇರೆ ಬೆಳೆಯ ಸಾಲು ಬಿತ್ತುವುದೇ ಅಕ್ಕಡಿ. ಅಪ್ಪ ಮುಂಗಾರಿಯಲ್ಲಿ ಸಾವೆಯ ನಡುವೆ ತೊಗರಿ, ಹೆಸರು, ಪುಂಡಿ ಹಾಕುತ್ತಿದ್ದ. ಹಿಂಗಾರಿಯ ಬಿಳಿಜೋಳದಲ್ಲಿ ಕುಸುಬೆ, ಅಗಸೆ. ಅಂಚಿಗೆ ಮುಳ್ಳು ಕುಸುಬೆ ಇದ್ದರೆ ದನ ಒಳಗೆ ಬರುತ್ತಿರಲಿಲ್ಲ. ಒಂದು ಬೆಳೆ ಕೈಕೊಟ್ಟ ವರ್ಷ ಇನ್ನೊಂದು ಕೈಹಿಡಿಯುತ್ತಿತ್ತು. ರೊಟ್ಟಿ, ಬೇಳೆ, ಎಣ್ಣೆ, ಪಲ್ಯ, ಎತ್ತಿಗೆ ಕಣಿಕೆ ಎಲ್ಲವೂ ಅದೇ ಎರೆ ಹೊಲದಿಂದ ಬರುತ್ತಿದ್ದವು. ಬೀಜವನ್ನು ಅವ್ವ ಬೂದಿ ಬೆರೆಸಿ, ಬೇವಿನೆಲೆ ಹಾಕಿ, ಸೋರೆಬುರುಡೆಯಲ್ಲಿ ಕಟ್ಟಿಡುತ್ತಿದ್ದಳು.

ನಾನು 1974ರಲ್ಲಿ ಮಾಸ್ತರನಾದೆ. 1972ರ ಬರ ಇನ್ನೂ ಎಲ್ಲರ ಕಣ್ಣಮುಂದಿತ್ತು. ಅದೇ ವರ್ಷ ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದಿದ್ದರು. ನಮ್ಮ ನಾಡಿಗೆ ಅದು ಹೆಮ್ಮೆಯ ಸಾಧನೆ; ಇಂದಿಗೂ ಹಾಗೆಯೇ ಎನ್ನುತ್ತೇನೆ. ಎಕರೆಗೆ ಎಷ್ಟು ಕ್ವಿಂಟಲ್, ಕ್ವಿಂಟಲಿಗೆ ಎಷ್ಟು ರೂಪಾಯಿ ಎಂದು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಅಕ್ಕಡಿ ಅವೈಜ್ಞಾನಿಕ ಎಂದೂ ಹೇಳಿದೆ. ಮನೆಯಲ್ಲಿ ಅದೇ ಲೆಕ್ಕವನ್ನು ಅಪ್ಪನ ಮುಂದಿಟ್ಟು, ಇಡೀ ಹೊಲಕ್ಕೆ ಹತ್ತಿ ಹಾಕೋಣವೆಂದು ಹಟ ಹಿಡಿದೆ.

"ತಮ್ಮಾ, ಹತ್ತಿ ಉಣ್ಣಾಕ ಬರತೈತೇನೋ?" ಎಂದ ಅಪ್ಪ.

"ರೊಕ್ಕ ಬಂದರ ಜ್ವಾಳ ಕೊಳ್ಳಾಕ ಬರತೈತಿ" ಎಂದೆ. ಅಪ್ಪ ಮತ್ತೆ ಮಾತಾಡಲಿಲ್ಲ. ಮಗ ಓದಿದವನು.

ರೊಕ್ಕ ಬಂದಿತು, ತಂಗಿಯ ಮದುವೆ ಆಯಿತು. ಸಾವೆ ಕುಟ್ಟುವುದು ತಪ್ಪಿತೆಂದು ಅವ್ವನೂ ಮೊದಲು ಸಂತೋಷಪಟ್ಟಳು. ಒನಕೆ ಹಿಡಿದವರಿಗೇ ಗೊತ್ತು ಅದರ ಭಾರ. ಆದರೆ ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಹಿಡಿದಿಟ್ಟರೆ ಮರುವರ್ಷ ಅದೇ ಗುಣದ ಬೆಳೆ ಬರುವುದಿಲ್ಲ. ಹೂವಿನ ಕೇಸರಗಳನ್ನು ಕೈಯಿಂದ ತೆಗೆದು ಬೇರೆ ಗಿಡದ ಪರಾಗ ಮುಟ್ಟಿಸಿ ಮಾಡಿದ ಬೀಜವದು. ಪ್ರತಿ ವರ್ಷ ಕೊಳ್ಳಲೇಬೇಕು. ಅದರ ಬೆನ್ನಿಗೆ ಗೊಬ್ಬರ, ಔಷಧ. ಬೇಳೆ, ಎಣ್ಣೆ ಕಿರಾಣಿ ಅಂಗಡಿಯಿಂದ ಬರತೊಡಗಿದವು. ಇವು ಯಾವುವೂ ನನ್ನ ಲೆಕ್ಕದಲ್ಲಿ ಇರಲಿಲ್ಲ. ನಗೆಪಾಟಲಿನ ಸಂಗತಿಯೆಂದರೆ, ದ್ವಿದಳ ಬೆಳೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ ಎಂಬ ಪಾಠವನ್ನು ಅದೇ ವರ್ಷ ಏಳನೆಯ ಇಯತ್ತೆಗೆ ಹೇಳಿದ್ದೆ. ಶಾಲೆಯಲ್ಲಿ ಪಾಠ ಹೇಳಿದವನು ಹೊಲದಲ್ಲಿ ಅದನ್ನು ಕಿತ್ತುಹಾಕಿಸಿದ್ದೆ.

1989ರಲ್ಲಿ ಅವ್ವ ತೀರಿಕೊಂಡಳು. ಅಟ್ಟ ತೆಗೆಯುವಾಗ ಸೋರೆಬುರುಡೆ ಸಿಕ್ಕಿತು. ಒಳಗೆ ಸಾವೆ, ಬೂದಿ, ಪುಡಿಯಾದ ಬೇವಿನೆಲೆ. ಕೊನೆಯ ಸುಗ್ಗಿಯ ಬೀಜವನ್ನು ಅವಳು ಹಾಗೆಯೇ ಇಟ್ಟಿದ್ದಳು, ನನಗೆ ಒಂದು ಮಾತೂ ಹೇಳದೆ. ಹಿತ್ತಲಲ್ಲಿ ಬಿತ್ತಿದೆ. ಒಂದು ಕಾಳೂ ಮೊಳೆಯಲಿಲ್ಲ.

ಇದನ್ನು ಆ ಹುಡುಗಿಗೆ ಹೇಳಿದಾಗ ಅವಳು ಬರೆಯುವುದನ್ನು ನಿಲ್ಲಿಸಿದಳು. "ಆಗ ಹಸಿವಿನ ಲೆಕ್ಕ ಮೊದಲಿತ್ರಿ ಅಜ್ಜಾರ. ಈಗ ನಾವು ಬಿಟ್ಟುಹೋದ ಸಾಲು ಕೂಡಸಾಕತ್ತೇವಿ" ಎಂದಳು. ಬೆಳೆ ಹೀರದೆ ಉಳಿದ ಸಾರಜನಕ ಗೊಬ್ಬರದ ಒಂದಂಶ ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಹೆಚ್ಚು ಕಾವೇರಿಸುತ್ತದೆ. ಇಂಥ ಖರ್ಚನ್ನೂ ಇಳುವರಿಯ ಪಕ್ಕದಲ್ಲಿ ಬರೆಯುವುದೇ ಅವಳ ಓದು. ಹಿಂದಿನದೆಲ್ಲ ಒಳ್ಳೆಯದೆಂದು ಅವಳು ಹೇಳಲಿಲ್ಲ. ಅವ್ವನ ಒನಕೆಯ ದುಡಿಮೆಯನ್ನೂ ಖರ್ಚಿನಲ್ಲೇ ಬರೆದುಕೊಂಡಳು. ಅದು ನನಗೆ ಬಹಳ ಮೆಚ್ಚುಗೆಯಾಯಿತು.

ಮರುದಿನ ಅವಳೊಂದಿಗೆ ನಮ್ಮ ತಾಲೂಕಿನದೇ ಆದ ತೀರ್ಥ ಗ್ರಾಮಕ್ಕೆ ಹೋದೆ. ಅಲ್ಲಿಯ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಹಜ ಸಮೃದ್ಧ ಸಂಸ್ಥೆಯ ನೆರವಿನಿಂದ ಬೀಜ ಬ್ಯಾಂಕ್ ಕಟ್ಟಿದ್ದಾರೆ. ಸಿರಿಧಾನ್ಯದ ಸಿಪ್ಪೆ ತೆಗೆಯಲು ಯಂತ್ರಗಳೂ ಇವೆ. 2025ರಲ್ಲಿ ಇವರಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ಒಬ್ಬ ತಾಯಿ ಸಾವೆಯ ಬೀಜವನ್ನು ನನ್ನ ಅಂಗೈಗೆ ಸುರಿದಳು. ಐವತ್ತು ವರ್ಷಗಳ ಮೇಲೆ ಜೀವವಿದ್ದ ಸಾವೆ ಮುಟ್ಟಿದೆ.

ನಮ್ಮ ಹೊಲ ಈಗ ಲಾವಣಿಗಿದೆ. ಮಾಡುವವನನ್ನು ಕೇಳಿದೆ. "ಸಾವಿ ಬೆಳದರ ನನ್ನ ಹೊಟ್ಟಿ ತುಂಬತೈತೇನ್ರಿ ಮಾಸ್ತರ?" ಎಂದ. ಅಪ್ಪನ ಪ್ರಶ್ನೆಯೇ ತಿರುಗಿ ಬಂದಂತಾಯಿತು. ಈ ಸಲ ಉತ್ತರ ಹೇಳಲು ಅವಸರ ಮಾಡಲಿಲ್ಲ. ಎರಡು ಎಕರೆಯ ಲಾವಣಿ ನನಗೆ ಬೇಡ, ಅಷ್ಟರಲ್ಲಿ ಸಾವೆ, ತೊಗರಿ ಅಕ್ಕಡಿ ಹಾಕಿ ನೋಡು ಎಂದೆ. ಒಪ್ಪಿದ್ದಾನೆ.

ನನ್ನ ಕೈಯಲ್ಲಿ ಲೆಕ್ಕ ಕಲಿತ ಮಕ್ಕಳೇ, ಅಂದು ಹಲಗೆಯ ಮೇಲೆ ಬರೆದ ಗುಣಾಕಾರ ಸರಿಯಾಗಿಯೇ ಇತ್ತು. ಲೆಕ್ಕ ಮಾತ್ರ ಅಪೂರ್ಣವಾಗಿತ್ತು. ನಿಮ್ಮ ಅಟ್ಟದ ಮೇಲೆ ಹಳೆಯ ಬೀಜವೇನಾದರೂ ಇದ್ದರೆ ಈ ಮುಂಗಾರಿಗೇ ಬಿತ್ತಿರಿ. ನನ್ನ ಹಾಗೆ ತಡಮಾಡಬೇಡಿರಿ.