ಸೌದೆಗೆ ಹೋಗಬೇಕಿದ್ದ ಬಾಗೆ ಮರ

ಬಾಗೆ ಮರ ಬಯಲುಸೀಮೆಯವರಿಗೆ ಹೊಸದಲ್ಲ. ಎಲೆ ಉದುರಿದ ಮೇಲೆ ಒಣಗಿದ ಕಾಯಿಗಳು ಗಾಳಿಗೆ ಗಲಗಲ ಅನ್ನುತ್ತವಲ್ಲ, ಅದೇ. ಪುಸ್ತಕದಲ್ಲಿ ಇದಕ್ಕೆ ಶಿರೀಷ ಅಂತ ಹೆಸರು. ಕಾಳಿದಾಸನ ಶಕುಂತಲೆ ಕಿವಿಗೆ ಇಟ್ಟುಕೊಂಡಿದ್ದು ಇದರ ಹೂವನ್ನೇ. ಹಿಂದೆ ಗಾಡಿ ಚಕ್ರಕ್ಕೆ, ಗಾಣಕ್ಕೆ ಈ ಮರ ಬೇಕಿತ್ತು. ಈಗ ನಮ್ಮ ಕಡೆ ಸೊಪ್ಪು ಆಡಿಗೆ, ಮರ ಒಲೆಗೆ.

ಕಳೆದ ವರ್ಷ ಮುಂಗಾರಿಗೆ ಮುಂಚಿನ ಬಿರುಗಾಳಿಗೆ ನಮ್ಮ ಹೊಲದ ಬದುವಿನ ಬಾಗೆ ಬೇರು ಸಮೇತ ಮಲಗಿತು. ಮರುದಿನವೇ ಸೌದೆ ವ್ಯಾಪಾರಿ ಹಾಜರು. ಟನ್ ಲೆಕ್ಕ, ಕೈಗೆ ನಗದು. ಬೀಜ, ಗೊಬ್ಬರ ತರಬೇಕಿತ್ತು. ಅಪ್ಪ, "ಕೊಟ್ಟುಬಿಡೋಣ" ಅಂದರು. ಅಷ್ಟರಲ್ಲಿ ಊರಿನ ಆಚಾರ್ರು ಬಂದು ಕೊಡಲಿಯಲ್ಲಿ ಒಂದು ಚಕ್ಕೆ ಎಬ್ಬಿಸಿ, ನೀರು ಸವರಿ ತೋರಿಸಿದರು. "ಅಣ್ಣಾ, ಇದನ್ನ ಒಲೆಗೆ ಹಾಕ್ತೀಯಾ?"

ಕೊನೆಗೆ ಕೊಂಬೆಗಳು ಸೌದೆಗೆ ಹೋದವು, ಬುಡ ಉಳಿಯಿತು. ಕಡಿಮೆ ಬಿದ್ದ ಹಣಕ್ಕೆ ಅಮ್ಮ ತಮ್ಮ ಸಂಘದಲ್ಲಿ ಸಾಲ ಎತ್ತಿದರು. ಅರಣ್ಯ ಇಲಾಖೆಯಲ್ಲಿ ಕೇಳಿಕೊಂಡೇ ದಿಮ್ಮಿಯನ್ನು ಟ್ರ್ಯಾಕ್ಟರ್‌ಗೆ ಏರಿಸಿದೆವು. ಬಿದ್ದ ಮರವೇ ಆದರೂ ನೀವೂ ಕೇಳಿಕೊಳ್ಳಿ.

ಸಾಮಿಲ್‌ನಲ್ಲಿ ಗರಗಸ ಮೊದಲ ಸೀಳು ಮುಗಿಸಿದಾಗ ನಾವೆಲ್ಲ ಸುಮ್ಮನಾದೆವು. ಹೊರಗೆ ಬೆಣ್ಣೆ ಬಣ್ಣ, ಒಳಗಿನ ಚೇಗು ಕಾಫಿಪುಡಿ ಬಣ್ಣ, ನಡುವೆ ಕಪ್ಪು ಗೆರೆಗಳು. ಈ ಮರದ ಎಳೆ ಒಂದಷ್ಟು ಪದರ ಬಲಕ್ಕೆ ವಾಲಿ ಬೆಳೆದರೆ ಮುಂದಿನ ಪದರ ಎಡಕ್ಕೆ ವಾಲುತ್ತದೆ. ಹಾಗಾಗಿ ನಡುವಿನಿಂದ ಹೊರಮೈಗೆ ನೇರವಾಗಿ ಸೀಳಿದ ಹಲಗೆಯಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಆಚೀಚೆ ಓರೆ ಮಾಡಿದರೆ ರೇಷ್ಮೆ ಸೀರೆಯ ಹಾಗೆ ಹೊಳಪು ಜಾಗ ಬದಲಿಸುತ್ತದೆ. ಉಜ್ಜುಗೊರಡು ಹಾಕುವವರಿಗೆ ಮಾತ್ರ ಅದೇ ತಲೆನೋವು, ಎಳೆ ಕಿತ್ತು ಬರುತ್ತದೆ. ಧೂಳೂ ಕೆಟ್ಟದ್ದು. ಮೂಗಿಗೆ ಟವೆಲ್ ಕಟ್ಟಿಕೊಂಡರೂ ಸೀನಿ ಸೀನಿ ಸಾಕಾಯಿತು.

ಹಲಗೆಗಳ ತುದಿಗೆ ಹಳೇ ಪೇಂಟ್ ಬಳಿದೆವು, ಇಲ್ಲದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ. ನಡುವೆ ರೀಪು ಕೊಟ್ಟು ಕೊಟ್ಟಿಗೆಯ ನೆರಳಲ್ಲಿ ಪೇರಿಸಿದೆವು. ಬಿಳಿ ಭಾಗಕ್ಕೆ ಹುಳ ಬೀಳುತ್ತದೆ, ಅದನ್ನು ಕತ್ತರಿಸಿ ತೆಗೆಯಬೇಕು. ಒಂದಿಂಚು ದಪ್ಪದ ಹಲಗೆ ಒಣಗಲು ಒಂದು ವರ್ಷ ಅನ್ನುವುದು ಆಚಾರ್ರ ಲೆಕ್ಕ.

ಅಪ್ಪ ಈಗ ವಾರಕ್ಕೊಮ್ಮೆ ಒಂದೇ ಹಲಗೆಯನ್ನು ತಕ್ಕಡಿಗೆ ಇಡುತ್ತಾರೆ. ತೂಕ ಇಳಿಯುವುದು ಇನ್ನೂ ನಿಂತಿಲ್ಲ. ಪೇಟೆಯ ಫರ್ನಿಚರ್ ಅಂಗಡಿಯವರೊಬ್ಬರು ಫೋಟೋ ನೋಡಿ ಫೋನ್ ಮಾಡಿದ್ದರು. ಒಣಗಲಿ, ಆಮೇಲೆ ರೇಟು ಮಾತಾಡೋಣ ಅಂದಿದ್ದೇವೆ. ಸಂಘದ ಕಂತು ಇನ್ನು ಮೂರು ಬಾಕಿ ಇವೆ.