ಕಣ್ಣಿಗೆ ಕಾಣದ ಕಾಡಿಗೆ

ಕನ್ನಡದಲ್ಲಿ ಇಂದಿಗೆ ದೊರೆತಿರುವ ಗ್ರಂಥಗಳೊಳಗೆ ಅತಿ ಪ್ರಾಚೀನವಾದುದು 'ಕವಿರಾಜಮಾರ್ಗ'ವೆಂಬುದು ವಾಚಕರಿಗೆ ತಿಳಿದ ವಿಷಯ. ಕ್ರಿ.ಶ. 850ರ ಸುಮಾರಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನು ರಚಿಸಿದ ಈ ಗ್ರಂಥವು ಕಥೆಯಲ್ಲ, ಪುರಾಣವೂ ಅಲ್ಲ. ಬರೆಯುವವನು ಹೇಗೆ ಬರೆಯಬೇಕು, ಹೇಗೆ ಬರೆಯಬಾರದು ಎಂಬುದನ್ನು ತಿಳಿಸುವ ಲಕ್ಷಣಗ್ರಂಥ. ಅಂದಮೇಲೆ ನಮ್ಮ ಸಾಹಿತ್ಯದ ಹೆಬ್ಬಾಗಿಲಿನಲ್ಲಿ ಮೊದಲು ಎದುರಾಗುವವನು ತಿದ್ದುವ ಗುರುವೇ ಎಂದಾಯಿತು. ಅದರಲ್ಲಿ ಒಂದು ಸೊಗಸಾದ ಉಪಮೆಯಿದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನು ಕಾಣಲಾರದು. ಅದರಂತೆಯೇ ಮನುಷ್ಯನು ತನ್ನ ದೋಷವನ್ನು ತಾನು ಕಾಣಲಾರನು. ಹನ್ನೊಂದು ನೂರು ವರ್ಷಗಳಿಗೂ ಹಿಂದಿನ ಈ ಮಾತಿಗೆ ಇನ್ನೊಂದು ಅರ್ಥವೂ ಉಂಟೆಂದು ನನಗೆ ತೋರಿದುದು ಭಾನುವಾರದ ಒಂದು ಬರವಣಿಗೆಯ ತರಗತಿಯಲ್ಲಿ. ಬರೆದವರು ಕಾಣಲಾರದುದು ದೋಷವನ್ನು ಮಾತ್ರವಲ್ಲ. ತಮ್ಮ ಮನಸ್ಸಿನಲ್ಲಿದ್ದು ಕಾಗದಕ್ಕೆ ಇಳಿಯದೆ ಉಳಿದುದನ್ನೂ ಅವರು ಕಾಣಲಾರರು.

ಶಿವಮೊಗ್ಗೆಯ ನಮ್ಮ ಬಡಾವಣೆಯ ವಾಚನಾಲಯದ ಮಹಡಿಯ ಮೇಲೆ, ನಿವೃತ್ತರಾದ ಕನ್ನಡ ಅಧ್ಯಾಪಕರೊಬ್ಬರು ವಯಸ್ಕರಿಗಾಗಿ ಈ ತರಗತಿಯನ್ನು ನಡೆಸುತ್ತಾರೆ. ನಾವು ಹನ್ನೆರಡು ಮಂದಿ. ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರಾಗಿದ್ದು ವಿಶ್ರಾಂತಿ ಹೊಂದಿದವರೊಬ್ಬರು, ಔಷಧದ ಅಂಗಡಿಯ ಯಜಮಾನರೊಬ್ಬರು, ಇಬ್ಬರು ಶಾಲೆಯ ಉಪಾಧ್ಯಾಯಿನಿಯರು, ದಾದಿಯ ಶಿಕ್ಷಣಕ್ಕೆಂದು ಕೊಪ್ಪಳದ ಕಡೆಯಿಂದ ಬಂದಿರುವ ಒಬ್ಬ ಹುಡುಗಿ, ನನ್ನಂತಹ ಗೃಹಿಣಿಯರು ಕೆಲವರು. ಪರೀಕ್ಷೆಯಿಲ್ಲ, ಪ್ರಶಸ್ತಿಪತ್ರವಿಲ್ಲ. ಹದಿನೈದು ದಿನಗಳಿಗೊಮ್ಮೆ ಒಬ್ಬರು ತಮ್ಮ ಬರಹದ ಪ್ರತಿಗಳನ್ನು ತಂದು ಎಲ್ಲರಿಗೂ ಹಂಚಬೇಕು. ಮುಂದಿನ ಭಾನುವಾರ ಉಳಿದವರು ಅದರ ವಿಷಯವಾಗಿ ತಮ್ಮ ಅಭಿಪ್ರಾಯವನ್ನು ಹೇಳಬೇಕು.

ನಾನು ಅಲ್ಲಿಗೆ ಸೇರಿದ ಉದ್ದೇಶವು ಸಾಹಿತಿಯೆನಿಸಿಕೊಳ್ಳಬೇಕೆಂಬುದಲ್ಲ. ನನ್ನ ತಾಯಿಯ ತವರೂರು ಶರಾವತಿಯ ಹಿನ್ನೀರಿನ ಅಡಿಯಲ್ಲಿದೆ. ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ 1964ರಲ್ಲಿ ಪೂರ್ಣವಾದ ಅಣೆಕಟ್ಟಿನ ಹಿಂದೆ ನೀರು ನಿಂತಾಗ, ಕಣಿವೆಯ ಹಳ್ಳಿಗಳು, ಅಡಕೆಯ ತೋಟಗಳು, ಗದ್ದೆಗಳು, ಗುಡಿಗಳು ಒಂದೊಂದಾಗಿ ಮುಳುಗಿದುವು. ಅದಕ್ಕೂ ಮೊದಲು 1940ರ ದಶಕದಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಈ ನೀರಿನಲ್ಲಿ ಮುಳುಗಿಹೋಯಿತೆಂದರೆ, ಹೆಂಚಿನ ಮನೆಗಳ ಪಾಡನ್ನು ಹೇಳಬೇಕಾದುದೇನು? ಬೇಸಗೆಯಲ್ಲಿ ನೀರು ಬಹಳ ಇಳಿದಾಗ ಆ ಹಳೆಯ ಕಟ್ಟೆಯು ಈಗಲೂ ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. ನೋಡಲು ಜನ ಹೋಗುತ್ತಾರೆ. ನನ್ನ ತಾಯಿಯ ಮನೆಯು ಮಾತ್ರ ಎಂದೂ ಮೇಲಕ್ಕೆ ಬಂದಿಲ್ಲ. ಊರನ್ನು ಬಿಟ್ಟಾಗ ಆಕೆಯು ಹದಿನೇಳು ವರ್ಷದ ಹುಡುಗಿ. ಈಗ ಎಂಬತ್ತನ್ನು ಸಮೀಪಿಸುತ್ತಿದ್ದಾಳೆ. ಪರದೇಶದಲ್ಲಿರುವ ನನ್ನ ಮಕ್ಕಳಿಗೂ ಅವರ ಮಕ್ಕಳಿಗೂ ಉಳಿಯಲೆಂದು ಆ ಊರಿನ ವೃತ್ತಾಂತವನ್ನು ಬರೆದಿಡಬೇಕೆಂಬುದು ನನ್ನ ಬಯಕೆಯಾಗಿತ್ತು. ನಾ. ಡಿಸೋಜರವರು ಈ ಮುಳುಗಡೆಯನ್ನು ಕುರಿತು ಕಾದಂಬರಿಗಳನ್ನು ಬರೆದಿದ್ದಾರೆ. ಅವರ 'ದ್ವೀಪ'ವು ಚಲನಚಿತ್ರವೂ ಆಯಿತು. ಆದರೆ ನಮ್ಮ ಅಜ್ಜನ ಮನೆಯ ಜಗುಲಿ ಎಷ್ಟು ಉದ್ದವಿತ್ತೆಂಬುದನ್ನು ನಾವಲ್ಲದೆ ಬೇರಾರು ಬರೆಯಬೇಕು?

ತರಗತಿಯ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಇತರರು ತಮ್ಮ ಅಭಿಪ್ರಾಯವನ್ನು ಹೇಳುತ್ತಿರುವಾಗ ಬರೆದವರು ಬಾಯಿ ತೆರೆಯಕೂಡದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ 1936ರಲ್ಲಿ ಆರಂಭವಾದ ಲೇಖಕರ ತರಗತಿಯ ಮೂಲಕ ಈ ಬಗೆಯ ಪಾಠಕ್ರಮವು ಪ್ರಸಿದ್ಧಿಗೆ ಬಂದಿತೆಂದು ನಮ್ಮ ಮೇಷ್ಟ್ರು ಹೇಳಿದರು. ಮೊದಮೊದಲು ಇದು ಕಠಿನವೆನಿಸುತ್ತದೆ. ಮನೆಯಲ್ಲಿ ಸಾರಿಗೆ ಉಪ್ಪು ಸಾಲದೆಂದರೆ ಸೌಟನ್ನು ಹಿಡಿದವಳು ಒಡನೆಯೇ ಒಂದು ಸಮಾಧಾನವನ್ನು ಹೇಳುತ್ತಾಳಷ್ಟೆ. ಇಲ್ಲಿ ಅದಕ್ಕೆ ಆಸ್ಪದವಿಲ್ಲ. ನಿಯಮದ ಹಿಂದಿರುವ ಕಾರಣವಾದರೋ ಯುಕ್ತವಾದುದು. ನಮ್ಮ ಬರಹವು ಯಾರದೋ ಮನೆಯ ಜಗುಲಿಯ ಮೇಲೆ ಓದಿಸಿಕೊಳ್ಳುವಾಗ, 'ನಾನು ಹೇಳಹೊರಟದ್ದು ಇದು' ಎಂದು ವಿವರಿಸಲು ನಾವು ಆ ಜಗುಲಿಯ ಮೇಲೆ ಇರುವುದಿಲ್ಲ.

ನನ್ನ ಮೊದಲನೆಯ ಬರಹವು ಆರು ಪುಟಗಳದು. ಶರಾವತಿಯ ಮಹಿಮೆ, ಜೋಗದ ಗಾಂಭೀರ್ಯ, ಜನ್ಮಭೂಮಿಯನ್ನು ತೊರೆದವರ ದುಃಖ, ಕಾಲಪುರುಷನ ನಿಷ್ಕರುಣೆ, ಇವೆಲ್ಲವೂ ಅದರಲ್ಲಿದ್ದುವು. ಭಾನುವಾರದಂದು ಹನ್ನೊಂದು ಪ್ರತಿಗಳು ಷರಾಗಳೊಡನೆ ನನ್ನ ಕೈಗೆ ಹಿಂದಿರುಗಿ ಬಂದುವು. ಮೇಷ್ಟ್ರು ಕೆಂಪು ಶಾಯಿಯಲ್ಲಿ, 'ಭಾಷೆ ಪ್ರೌಢವಾಗಿದೆ. ವಿಷಯವು ಇನ್ನೂ ಸ್ಪಷ್ಟವಾಗಬೇಕು' ಎಂದು ಬರೆದಿದ್ದರು. ಉಪಾಧ್ಯಾಯಿನಿಯರಿಬ್ಬರೂ 'ಬಹಳ ಚೆನ್ನಾಗಿದೆ' ಎಂದಿದ್ದರು. ಇಂಜಿನಿಯರವರು, 'ಅಣೆಕಟ್ಟು ಇಲ್ಲದಿದ್ದರೆ ನಾಡಿಗೆ ಬೆಳಕೆಲ್ಲಿಂದ ಬರುತ್ತಿತ್ತು?' ಎಂದು ಅಂಚಿನಲ್ಲಿ ಪ್ರಶ್ನಿಸಿದ್ದರು. ಅದು ಬರಹದೊಡನೆ ಆಡಿದ ಮಾತಲ್ಲ, ಅಣೆಕಟ್ಟಿನ ಪರವಾಗಿ ಹೂಡಿದ ವಾದ. ಕೊಪ್ಪಳದ ಹುಡುಗಿಯ ಪ್ರತಿಯಲ್ಲಿ ಹೊಗಳಿಕೆಯೂ ಇರಲಿಲ್ಲ, ತೆಗಳಿಕೆಯೂ ಇರಲಿಲ್ಲ. ಸೀಸದ ಕಡ್ಡಿಯಲ್ಲಿ ಸಣ್ಣಗೆ ಬರೆದ ಮೂರು ಪ್ರಶ್ನೆಗಳು ಮಾತ್ರ ಇದ್ದುವು. 'ಅಕ್ಕಾರೇ, ಮನೆಯಿಂದ ತೋಟಕ್ಕೆ ಎಷ್ಟು ದೂರವಿತ್ತು? ಊರು ಬಿಡುವಾಗ ಅವರು ಕೈಯಲ್ಲಿ ಏನು ಹಿಡಿದುಕೊಂಡು ಹೋದರು? ಕಡೆಯ ದಿನ ಏನು ಅಡಿಗೆ ಮಾಡಿದ್ದರು?'

ಇವುಗಳಲ್ಲಿ ಯಾವ ಮಾತಿನಿಂದ ನನಗೆ ಉಪಯೋಗವಾಯಿತೆಂಬುದನ್ನು ವಾಚಕರು ಊಹಿಸಿಯೇ ಇರಬೇಕು. 'ಬಹಳ ಚೆನ್ನಾಗಿದೆ' ಎಂಬುದರಿಂದ ಆ ಸಂಜೆಯ ಮಟ್ಟಿಗೆ ಸಂತೋಷವಾಯಿತು. 'ಸ್ಪಷ್ಟವಾಗಬೇಕು' ಎಂಬುದರಿಂದ ಮನಸ್ಸು ಕುಗ್ಗಿತು. ಆರು ಪುಟಗಳಲ್ಲಿ ಸ್ಪಷ್ಟವಾಗಬೇಕಾದುದು ಯಾವ ಪುಟ, ಯಾವ ಸಾಲು? ತರಗತಿಯು ಮುಗಿದ ಮೇಲೆ ನಾನು ಮೇಷ್ಟ್ರನ್ನೇ ಕೇಳಿದೆನು: "ಮೇಷ್ಟ್ರೇ, ನೀವು ಓದುತ್ತಾ ಎಲ್ಲಿ ತಡೆದು ನಿಂತಿರೆಂಬುದನ್ನು ತೋರಿಸಿಕೊಡುತ್ತೀರಾ?"

ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಪುಟಗಳನ್ನು ತಿರುವಿದರು. ಸ್ವಲ್ಪ ಹೊತ್ತಾದ ಮೇಲೆ ನಕ್ಕು, "ಮೂವತ್ತೈದು ವರ್ಷ ಕಾಲೇಜಿನಲ್ಲಿ ಈ ಷರಾವನ್ನೇ ಬರೆದಿದ್ದೇನಮ್ಮಾ. ಎಲ್ಲಿ ಎಂದು ಕೇಳಿದವರು ನೀವೇ ಮೊದಲಿಗರು" ಎಂದರು. ಒಂದೊಂದು ತರಗತಿಗೆ ಅರವತ್ತು ಪುಸ್ತಕಗಳು, ಅಂತಹ ಮೂರು ತರಗತಿಗಳು. ರಾತ್ರಿ ಹತ್ತು ಗಂಟೆಗೆ ಕೈ ತಾನಾಗಿಯೇ ಬರೆಯುತ್ತದೆಂದು ಅವರು ಹೇಳಿದುದರಲ್ಲಿ ಸತ್ಯವಿತ್ತು. ಮುಂದಿನ ವಾರ ಅವರೇ ಒಂದು ಸಂಗತಿಯನ್ನು ನಮ್ಮೆಲ್ಲರಿಗೂ ತಿಳಿಸಿದರು. ನ್ಯಾನ್ಸಿ ಸಾಮರ್ಸ್ ಎಂಬ ಅಮೆರಿಕದ ವಿದುಷಿಯು ಅಧ್ಯಾಪಕರು ವಿದ್ಯಾರ್ಥಿಗಳ ಪ್ರಬಂಧಗಳ ಮೇಲೆ ಬರೆದ ಷರಾಗಳನ್ನು ಪರಿಶೀಲಿಸಿ 1982ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರಂತೆ. ಅವುಗಳಲ್ಲಿ ಬಹುಪಾಲು ಷರಾಗಳನ್ನು ಒಂದು ಪ್ರಬಂಧದಿಂದ ತೆಗೆದು ಇನ್ನೊಂದರ ಮೇಲೆ ರಬ್ಬರಿನ ಮೊಹರಿನಂತೆ ಒತ್ತಬಹುದಾಗಿತ್ತೆಂದು ಆಕೆಯು ತೋರಿಸಿಕೊಟ್ಟರು. ಯಾವ ಬರಹಕ್ಕೂ ಒಪ್ಪುವ ಮಾತು ಈ ಬರಹಕ್ಕೆ ಏನನ್ನೂ ಹೇಳಲಾರದು. ಅಂದಿನಿಂದ ನಮ್ಮ ಮೇಷ್ಟ್ರು ತಾವು ತಡೆದ ಸಾಲಿನ ಪಕ್ಕದಲ್ಲಿ ಒಂದು ಚುಕ್ಕಿಯನ್ನಿಟ್ಟು, 'ಇಲ್ಲಿ ನನಗೆ ಮನೆ ಕಾಣಲಿಲ್ಲ', 'ಇಲ್ಲಿ ಮಾತನಾಡಿದವರು ಯಾರು?' ಎಂದು ಬರೆಯತೊಡಗಿದರು. ಎಪ್ಪತ್ತು ದಾಟಿದ ಗುರುವೊಬ್ಬರು ತಮ್ಮ ಪದ್ಧತಿಯನ್ನು ಹೀಗೆ ಬದಲಿಸಿಕೊಂಡುದನ್ನು ಕಂಡು ನನಗೆ ಅವರಲ್ಲಿದ್ದ ಗೌರವವು ಇಮ್ಮಡಿಯಾಯಿತು.

ಇನ್ನು ಹುಡುಗಿಯ ಪ್ರಶ್ನೆಗಳು. ಅಡಕೆಯ ತೋಟವನ್ನು ಕಣ್ಣಾರೆ ಕಾಣದ ಆ ಹುಡುಗಿಗೆ ನನ್ನ ಆರು ಪುಟಗಳಿಂದ ಅದು ಕಾಣಿಸಲಿಲ್ಲ. ನನಗಾದರೋ ತಾಯಿಯ ಬಾಯಿಂದ ಚಿಕ್ಕಂದಿನಿಂದಲೂ ಕೇಳಿ ಕೇಳಿ ಊರೆಲ್ಲವೂ ಕಣ್ಣಿಗೆ ಕಟ್ಟಿದಂತೆ ಇತ್ತು. ನಾನು ಕಂಡುದು ಕಾಗದದ ಮೇಲೂ ಇದೆಯೆಂದೇ ತೋರುತ್ತಿತ್ತು. ಕಾಡಿಗೆಯ ಉಪಮೆಯು ಇಲ್ಲಿ ಸಾರ್ಥಕವಾಗುತ್ತದೆ. ಅದಕ್ಕೂ ಮಿಗಿಲಾಗಿ, ಎರಡನೆಯ ಪ್ರಶ್ನೆಗೆ ಉತ್ತರವು ನನಗೇ ತಿಳಿದಿರಲಿಲ್ಲ. ಐವತ್ತು ವರ್ಷಗಳಲ್ಲಿ ಆ ಮಾತನ್ನು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಅಂದು ಸಂಜೆ ದೇವರ ದೀಪವನ್ನು ಹಚ್ಚಿದ ಮೇಲೆ ತಾಯಿಯ ಬಳಿ ಕುಳಿತು ಕೇಳಿದೆನು: "ಅಮ್ಮಾ, ಊರು ಬಿಟ್ಟ ದಿನ ನಿನ್ನ ಕೈಯಲ್ಲಿ ಏನಿತ್ತು?"

ಯೋಚಿಸುವ ಅಗತ್ಯವೇ ಇಲ್ಲದವಳಂತೆ ಆಕೆಯು, "ಬಾವಿಯ ಹಗ್ಗ" ಎಂದಳು.

ಹೆಂಚು, ತೊಲೆ, ಬಾಗಿಲುಗಳನ್ನು ಕಳಚಿ ಗಾಡಿಗಳಿಗೆ ಹೇರಿದ್ದರಂತೆ. ಪಾತ್ರೆ ಪರಡಿಗಳು ಮುಂದೆ ಹೋಗಿದ್ದುವಂತೆ. ಕಡೆಯ ಬಾರಿಗೆ ನೀರು ಸೇದಿ ಕೊಟ್ಟಿಗೆಯ ದನಗಳಿಗೆ ಕುಡಿಸಿದ ಮೇಲೆ, ತೆಂಗಿನ ನಾರಿನ ಒದ್ದೆ ಹಗ್ಗವನ್ನು ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಂಡು ಆಕೆಯು ಗಾಡಿಯ ಹಿಂದೆ ನಡೆದಳಂತೆ. "ಹಗ್ಗವೇ ಏಕಮ್ಮಾ?" ಎಂದುದಕ್ಕೆ, "ಹೋದಲ್ಲಿ ನೀರು ಸೇದಬೇಡವೇ, ಕೂಸೇ?" ಎಂದಳು. ಹೋದ ಸ್ಥಳವು ಶಿವಮೊಗ್ಗೆಗೆ ಸಮೀಪದ ಕಾಡಿನ ಅಂಚು. ಅಲ್ಲಿ ಬಾವಿಯಿರಲಿಲ್ಲ. ಎರಡು ಬೇಸಗೆ ಹಳ್ಳದಿಂದ ನೀರನ್ನು ಹೊತ್ತರು. ಆ ಎರಡು ವರ್ಷವೂ ಹಗ್ಗವು ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಮೂರನೆಯ ಬೇಸಗೆಯಲ್ಲಿ ಬಾವಿಯನ್ನು ತೋಡಿಸಿ ನೀರು ಕಂಡಾಗ, ಹಳೆಯ ಹಗ್ಗವು ಅರ್ಧಕ್ಕೆ ಮಾತ್ರ ಮುಟ್ಟಿತು. ಇಲ್ಲಿನ ನೀರು ಅಷ್ಟು ಆಳದಲ್ಲಿತ್ತು. ಅದಕ್ಕೆ ಹೊಸ ಹಗ್ಗವನ್ನು ಗಂಟು ಹಾಕಿ ಸೇದಿದರು.

ನಾನು ಎರಡನೆಯ ಸಲ ಬರೆದುದು ಮೂರು ಪುಟಗಳು. ಕಾಲಪುರುಷನ ಹೆಸರು ಅದರಲ್ಲಿ ಬರಲಿಲ್ಲ. ಎರಡು ಹಗ್ಗಗಳ ಗಂಟಿನವರೆಗೆ ಬರೆದು ನಿಲ್ಲಿಸಿದೆನು. ಅದನ್ನು ಓದಿದ ಭಾನುವಾರ ಕೆಲವು ನಿಮಿಷ ಯಾರೂ ಮಾತನಾಡಲಿಲ್ಲ. ಮೊದಲು ಬಾಯಿ ತೆರೆದವರು ಇಂಜಿನಿಯರವರು. ಅಣೆಕಟ್ಟಿನ ವಿಷಯವನ್ನು ಅವರು ಎತ್ತಲಿಲ್ಲ. "ಆ ಹಗ್ಗದ ತುಂಡು ಈಗ ಎಲ್ಲಿದೆ?" ಎಂದು ಕೇಳಿದರು. ನಾನು ನಿಯಮದಂತೆ ಸುಮ್ಮನಿದ್ದೆನು. ಅಣೆಕಟ್ಟಿನ ಬಗೆಗೆ ಅವರ ಅಭಿಪ್ರಾಯವೇನೂ ಬದಲಾಗಿರಲಿಕ್ಕಿಲ್ಲ, ಬದಲಾಗಬೇಕೆಂದು ನಾನು ಬರೆದುದೂ ಅಲ್ಲ; ಆದರೆ ಹಗ್ಗವು ಅವರ ಕೈಗೂ ತಲುಪಿತ್ತು.

ಓದುವವರ ಒಂದು ಮಾತು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಕನ್ನಡಿಗರೆಲ್ಲರೂ ಬಲ್ಲ ದೃಷ್ಟಾಂತವೊಂದುಂಟು. ಕುವೆಂಪುರವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆಗಳನ್ನು ಬರೆಯುತ್ತಿದ್ದರು. ಅವನ್ನು ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್‌ರವರಿಗೆ ತೋರಿಸಿದಾಗ ಅವರು, ನಿಮ್ಮ ಭಾಷೆಯಲ್ಲಿ ಏನನ್ನು ಬರೆದಿದ್ದೀರಿ ಎಂದು ವಿಚಾರಿಸಿ, ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತರು. ಕವಿತೆ ಚೆನ್ನಾಗಿದೆಯೆಂದು ಬೆನ್ನು ತಟ್ಟಿ ಕಳುಹಿಸುವುದು ಅವರಿಗೆ ಸುಲಭವಾಗಿತ್ತು. ಎದುರಿಗೆ ನಿಂತ ಆ ಒಬ್ಬ ತರುಣನಿಗೆ ಮಾತ್ರ ಸಲ್ಲುವ ಮಾತನ್ನು ಅವರು ಹೇಳಿದರು. ಅದರ ಫಲವನ್ನು ನಾವೆಲ್ಲರೂ ಇಂದು ಉಣ್ಣುತ್ತಿದ್ದೇವೆ.

ಎಲ್ಲರಿಗೂ ಬರವಣಿಗೆಯ ತರಗತಿಗೆ ಹೋಗುವ ಅನುಕೂಲವಿರಲಾರದು. ಆದರೆ ಬರಹಗಳು ಪ್ರತಿ ಮನೆಯಲ್ಲಿಯೂ ಹುಟ್ಟುತ್ತವೆ. ಮಗಳು ಶಾಲೆಗೆಂದು ಪ್ರಬಂಧವನ್ನು ಬರೆಯುತ್ತಾಳೆ. ದೂರದಲ್ಲಿರುವ ಮಗನು ಎಂದೋ ಒಮ್ಮೆ ಮನಸ್ಸು ಬಿಚ್ಚಿ ಮೊಬೈಲಿನಲ್ಲಿ ಹತ್ತು ಸಾಲು ಕಳುಹಿಸುತ್ತಾನೆ. ನಾವು ಅದಕ್ಕೆ ಹೆಬ್ಬೆರಳಿನ ಗುರುತನ್ನೊತ್ತಿ ಮುಗಿಸುತ್ತೇವೆ. ಹೆಬ್ಬೆರಳೂ ಒಂದು ರಬ್ಬರಿನ ಮೊಹರೇ. ಅದರ ಬದಲು ಬರಹದೊಳಗಿನ ಒಂದು ವಿಷಯವನ್ನು ಹಿಡಿದು ಒಂದು ಪ್ರಶ್ನೆಯನ್ನು ಕೇಳಿದರೆ, ತಾನು ಬರೆದುದನ್ನು ಯಾರೋ ನಿಜವಾಗಿ ಓದಿದರೆಂದು ಬರೆದವರಿಗೆ ತಿಳಿಯುತ್ತದೆ. ಕಾಗುಣಿತವನ್ನು ತಿದ್ದುವುದು ಬೇಡವೆಂದಲ್ಲ. ಅದು ಎರಡನೆಯ ಕೆಲಸ. 'ಇಲ್ಲಿಯವರೆಗೆ ನಿನ್ನ ಜೊತೆಗೆ ಬಂದೆ, ಇಲ್ಲಿ ನನಗೆ ದಾರಿ ತಪ್ಪಿತು' ಎಂದು ಹೇಳುವುದು ಮೊದಲನೆಯದು. ಅದಕ್ಕೆ ಪಾಂಡಿತ್ಯವೇನೂ ಬೇಕಿಲ್ಲ. ಕೊಪ್ಪಳದ ಹುಡುಗಿಗೆ ಇದ್ದುದು ತಿಳಿಯಬೇಕೆಂಬ ಆಸೆಯೊಂದೇ.

ಆ ಹುಡುಗಿಯ ಮೂರನೆಯ ಪ್ರಶ್ನೆಯು ಇನ್ನೂ ಬಾಕಿಯಿದೆ. ಕಳೆದ ಮಳೆಗಾಲದಿಂದ ತಾಯಿಯ ನೆನಪು ಸಡಿಲವಾಗುತ್ತಿದೆ. ಕೆಲವು ದಿನ ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾಳೆ. ಆದಕಾರಣ ಕೇಳಬೇಕಾದುದನ್ನು ಬೇಗಬೇಗನೆ ಕೇಳುತ್ತಿದ್ದೇನೆ. ನೋಟುಬುಕ್ಕಿನ ಎಡ ಪುಟದಲ್ಲಿ ಪ್ರಶ್ನೆ, ಬಲ ಪುಟದಲ್ಲಿ ಉತ್ತರ. ಕಡೆಯ ದಿನದ ಅಡಿಗೆ ಏನೆಂದು ಕೇಳಿದಾಗ, ಎಲ್ಲ ಪಾತ್ರೆಗಳನ್ನೂ ಗಾಡಿಗೆ ಹೇರಿಯಾಗಿತ್ತು, ಒಂದು ತಪ್ಪಲೆಯಲ್ಲಿ ಗಂಜಿ ಕಾಯಿಸಿದೆವು ಎಂದಳು. ಹತ್ತು ದಿನಗಳ ಮೇಲೆ ಮತ್ತೆ ಕೇಳಿದಾಗ, ಒಲೆಗೆ ನಮಸ್ಕಾರ ಮಾಡಿ ಪಾಯಸವನ್ನು ಇಳಿಸಿದೆವು ಎಂದಳು. ಎರಡನ್ನೂ ದಿನಾಂಕ ಸಹಿತ ಬರೆದಿಟ್ಟಿದ್ದೇನೆ.